ಎಡ್ವರ್ಡನ ಎರಡನೆಯ ಸಂಸಾರ

ಉಣಕಲ್ಲಿನ ಹಳೇ ಊರಿನಲ್ಲಿ, ಚಂದ್ರಮೌಳೇಶ್ವರ ಗುಡಿಗೆ ಹತ್ತಿದ ಓಣಿಯಲ್ಲಿ, ಇಂಗ್ಲಿಷ್ ಬಲ್ಲವರು ಯಾರೆಂದು ಕೇಳಿದರೆ ತೊಟ್ಟಿಲ ಕೂಸು ಕೂಡ ಎಡ್ವರ್ಡನ ಮನೆಯ ಕಡೆ ಕೈ ತೋರಿಸುತ್ತಿತ್ತು. ಇದಕ್ಕೆ ಕಾರಣ ಎಡ್ವರ್ಡನ ವಿದ್ಯೆಯಲ್ಲ, ಹೆಸರು. ಹೆಸರೇ ಎಡ್ವರ್ಡ್ ಇದ್ದ ಮೇಲೆ ಇಂಗ್ಲಿಷ್ ಬರದೆ ಎಲ್ಲಿಗೆ ಹೋಗುತ್ತದೆ ಎಂಬುದು ಓಣಿಯ ತರ್ಕ. ಸಾಲದ್ದಕ್ಕೆ ಅವನು ಭಾನುವಾರಕ್ಕೊಮ್ಮೆ ಪ್ಯಾಂಟಿನೊಳಗೆ ಅಂಗಿ ಸೇರಿಸಿಕೊಂಡು ಚರ್ಚಿಗೆ ಹೋಗುತ್ತಿದ್ದ. ಚರ್ಚಿನಲ್ಲಿ ಪ್ರಾರ್ಥನೆಯಿಂದ ಹಿಡಿದು ಪ್ರಕಟಣೆಯವರೆಗೆ ಎಲ್ಲವೂ ಅಚ್ಚಗನ್ನಡದಲ್ಲೇ ನಡೆಯುತ್ತದೆಂಬುದು ಓಣಿಯವರಿಗೆ ಗೊತ್ತಿರಲಿಲ್ಲ.

ನಿಜಸ್ಥಿತಿ ಹೀಗಿತ್ತು. ಎಡ್ವರ್ಡ್ ಮಿಶನ್ ಸಾಲೆಯಲ್ಲಿ ಕನ್ನಡದಲ್ಲೇ ಓದಿ, ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ, ಮೂರನೆಯ ಸಲ ಮೂವತ್ತೈದು ಅಂಕದ ಗೆರೆಯನ್ನು ಹೊಟ್ಟೆಯ ಮೇಲೆ ತೆವಳಿಕೊಂಡು ದಾಟಿದವನು. ಆಮೇಲೆ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಲೇಥ್ ಮಶೀನಿನ ಮುಂದೆ ನಿಂತು ಕಬ್ಬಿಣ ಕಡೆದಿದ್ದ. ಕಬ್ಬಿಣಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ. ಈಗ ನಿವೃತ್ತನಾಗಿ ಒಂದು ವರ್ಷ. ಮಗಳು ಫೇಬಿ ಮದುವೆಯಾಗಿ ಧಾರವಾಡದಲ್ಲಿದ್ದಳು. ಹೆಂಡತಿ ಮಾರ್ಥಾ ಮನೆಯಲ್ಲೇ ಓಣಿಯವರ ಕುಪ್ಪಸ ಹೊಲಿಯುತ್ತಿದ್ದಳು.

ಎಡ್ವರ್ಡನ ಪರವಾಗಿ ಒಂದು ಮಾತು ಹೇಳಬೇಕು. ಅವನು ತನ್ನ ಜೀವಮಾನದಲ್ಲಿ ಒಮ್ಮೆಯೂ ‘ನನಗೆ ಇಂಗ್ಲಿಷ್ ಬರುತ್ತದೆ’ ಎಂದು ಹೇಳಿದವನಲ್ಲ. ‘ಬರುವುದಿಲ್ಲ’ ಎಂದೂ ಹೇಳಿದವನಲ್ಲ, ಅಷ್ಟೆ. ಯಾರಾದರೂ ಇಂಗ್ಲಿಷ್ ಕಾಗದ ಹಿಡಿದು ಬಂದರೆ ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಕೆಳಗೆ ಒತ್ತಿದ ಕಚೇರಿಯ ಶಿಕ್ಕಾದ ಮೇಲೆ ಬಹಳ ಹೊತ್ತು ಕಣ್ಣಿಟ್ಟು, “ಹ್ಞೂಂ. ಇದು ಭಾಳ ಸೂಕ್ಷ್ಮ ಐತಿ. ನಾಳೆ ಹೇಳ್ತೇನಿ,” ಎನ್ನುತ್ತಿದ್ದ. ಹೆಚ್ಚಾಗಿ ಮರುದಿನ ಮಧ್ಯಾಹ್ನದೊಳಗೆ, ಕೆಲವೊಮ್ಮೆ ವಾರ ಬಿಟ್ಟು, ಉತ್ತರ ಸಿದ್ಧವಾಗಿರುತ್ತಿತ್ತು. ಆ ಉತ್ತರ ಎಂದೂ ತಪ್ಪಿದ್ದಿಲ್ಲ. ಹೀಗಾಗಿ ಅವನ ಕೀರ್ತಿ ದಿನದಿನಕ್ಕೆ ಬೆಳೆಯಿತು.

ಕೀರ್ತಿಗೆ ಕುತ್ತು ಬಂದದ್ದು ಕಳೆದ ಮಾಘದಲ್ಲಿ. ಗುಡಿ ನೋಡಲು ಎಲ್ಲಿಂದಲೋ ಮೂವರು ವಿದೇಶಿಯರು ಬಂದಿಳಿದರು. ಹಿಟ್ಟಿನ ಗಿರಣಿಯ ಗುರುಶಿದ್ದಪ್ಪ ಓಣಿಗೆ ಹಿರಿಯ. ಗುಡಿಯ ಮುಂದೆ ಯಾರು ನಿಂತರೂ ಅವರನ್ನು ಮಾತಾಡಿಸುವುದು ತನ್ನ ಕರ್ತವ್ಯವೆಂದು ತಿಳಿದವನು. “ಎಡ್ವರ್ಡಗ ಹೇಳಿ ಕಳಸ್ರಿ,” ಎಂದು ಅಪ್ಪಣೆ ಮಾಡಿದ. ಊಟದ ತಾಟಿನ ಮುಂದಿನಿಂದ ಎಡ್ವರ್ಡನನ್ನು ಎಬ್ಬಿಸಿ ತಂದು ನಿಲ್ಲಿಸಲಾಯಿತು. ಬಂದವರಲ್ಲಿ ಒಬ್ಬಾಕೆ ಕಂಬದ ಕಡೆ ಬೆರಳು ಮಾಡಿ, ನಗುನಗುತ್ತ ಉದ್ದನೆಯದೊಂದು ಪ್ರಶ್ನೆ ಕೇಳಿದಳು. ಸುತ್ತ ನಲವತ್ತು ಜನ ಉಸಿರು ಹಿಡಿದು ನಿಂತಿದ್ದರು. ಎಡ್ವರ್ಡ್ ಬಾಯಿ ತೆರೆದ, ಮುಚ್ಚಿದ, ಆಮೇಲೆ ಗಂಟಲಿನ ಮೇಲೆ ಕೈ ಇಟ್ಟುಕೊಂಡು ತಲೆ ಅಲ್ಲಾಡಿಸಿದ.

“ಪಾಪ, ಗಂಟಲಾ ಕುಂತೈತಿ,” ಎಂದ ಗುರುಶಿದ್ದಪ್ಪ. “ಇಲ್ಲಾಂದ್ರ ಇವತ್ತ ಕೇಳಬೇಕಾಗಿತ್ತು ನೀವು.”

ಆ ಗಂಟಲನ್ನು ಎಡ್ವರ್ಡ್ ಎಂಟು ದಿನ ಕೂಡಿಸಬೇಕಾಯಿತು. ಪ್ರತಿ ಮನೆಯಿಂದಲೂ ಒಂದೊಂದು ಕಷಾಯ ಬಂತು. ಮೆಣಸಿನದು, ಅಡಸೋಗಿಯದು, ಯಾವುದರದೆಂದು ಹೇಳಲಾಗದ ಕರಿಯದೊಂದು. ಎಲ್ಲವನ್ನೂ ಅವನು ತನ್ನ ಪಾಪದ ಫಲವೆಂದು ಕುಡಿದ. ಮಾರ್ಥಾ ಮಾತ್ರ, “ಮನಿ ಎಷ್ಟ ಶಾಂತ ಅನಸಾಕತ್ತೈತಿ,” ಎಂದಳು.

ಒಂಬತ್ತನೆಯ ದಿನ ಎಡ್ವರ್ಡ್ ಚಿಗರಿ ಬಸ್ಸು ಹತ್ತಿ ರಾಯಾಪುರಕ್ಕೆ ಹೋಗಿ, ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲಿದ್ದ ಇಂಗ್ಲಿಷ್ ಕ್ಲಾಸಿಗೆ ಹೆಸರು ಹಚ್ಚಿದ. ರಾಯಾಪುರವೇ ಯಾಕೆಂದರೆ ಅಲ್ಲಿ ಓಣಿಯವರ ಬೀಗರು ಯಾರೂ ಇರಲಿಲ್ಲ. ಕಲಿಸುವವಳು ಸುರಭಿ, ಇಪ್ಪತ್ತಾರರ ಹುಡುಗಿ. ಕಲಿಯುವವರು ಒಂಬತ್ತು ಜನ. ಎಂಟು ಜನರ ಒಟ್ಟು ವಯಸ್ಸು ಒಂದು ಕಡೆ, ಎಡ್ವರ್ಡನ ವಯಸ್ಸು ಒಂದು ಕಡೆ ಎನ್ನುವ ಹಾಗಿತ್ತು.

“ಮೇಡಮ್, ಒಂದು ಮಾತು,” ಎಂದ ಎಡ್ವರ್ಡ್ ಮೊದಲ ದಿನವೇ. “ನಾ ಇಲ್ಲಿ ಬರ್ತೇನಿ ಅಂತ ಉಣಕಲ್ಲಾಗ ಯಾರಿಗೂ ಹೇಳಬಾರದು. ಏನ ಆದ್ರೂ ಹೇಳಬಾರದು.”

“ಆಣಿ ಮಾಡ್ಲೇನ್ರಿ ಅಂಕಲ್?”

“ಮಾಡ್ರಿ.”

ಸುರಭಿ ಆಣೆ ಮಾಡಿದಳು. ಮುಂದಿನ ಅನಾಹುತಕ್ಕೆಲ್ಲ ಈ ಆಣೆಯೇ ಮೂಲ.

ಮನೆಯಲ್ಲಿ ಎಡ್ವರ್ಡ್, “ಸಂಜಿ ಮುಂದ ಕೆರಿ ದಂಡಿಗೆ ಅಡ್ಡಾಡಿ ಬರ್ತೇನಿ,” ಎಂದ. ಮಾರ್ಥಾ ಹೊಲಿಗೆ ಮಶೀನಿನಿಂದ ತಲೆ ಎತ್ತದೆ, “ಹೋಗಿ ಬರ್ರಿ,” ಎಂದಳು.

ಪುಸ್ತಕದಲ್ಲಿ ಮೂರು ಪಾಠ. ಒಂದನೆಯದು ಕುಟುಂಬ, ಎರಡನೆಯದು ಪೇಟೆ, ಮೂರನೆಯದು ಪ್ರಾಚೀನ ಕಟ್ಟಡ. ಸಂಸಾರ ಮಾಡಿ, ಸಂತೆ ಮಾಡಿ, ಕಡೆಗೆ ಗುಡಿಗೆ ಹೋಗುವುದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿಯೇ ಆದ್ದರಿಂದ ಪುಸ್ತಕ ಬರೆದವರು ತಿಳಿದವರಿರಬೇಕು ಎಂದು ಎಡ್ವರ್ಡನಿಗೆ ಅನ್ನಿಸಿತು.

“ಬರೇ ಓದಿದ್ರ ಬರಂಗಿಲ್ರಿ,” ಎಂದಳು ಸುರಭಿ. “ಪಾಠದಾಗಿನ ಮನಷ್ಯಾ ನಾನ ಅಂತ ತಿಳಕೊಂಡು, ದಿನಾ ಮುಂಜಾನೆ ಗಟ್ಟಿಯಾಗಿ ಹೇಳ್ರಿ. ಇಂಗ್ಲಿಷ್ ಮೈಮ್ಯಾಲ ಬರಬೇಕು.”

ಗುರುವಿನ ಮಾತು ಮೀರುವ ಶಿಷ್ಯ ಎಡ್ವರ್ಡ್ ಅಲ್ಲ. ಮರುದಿನ ಬೆಳಗ್ಗೆ ಉಣಕಲ್ ಕೆರೆಯ ದಂಡೆಯ ಕೊನೆಯ ಬೆಂಚಿನ ಹತ್ತಿರ, ನೀರಕೋಳಿಗಳ ಕಡೆ ಮುಖ ಮಾಡಿ ನಿಂತು ಶುರು ಮಾಡಿದ. ಪಾಠದೊಳಗಿನ ಮನುಷ್ಯನಿಗೆ ಈವ್ಲಿನ್ ಎಂಬ ಹೆಂಡತಿ, ಇಬ್ಬರು ಗಂಡುಮಕ್ಕಳು.

“ಮೈ ವೈಫ್ಸ್ ನೇಮ್ ಈಸ್ ಈವ್ಲಿನ್. ಐ ಹ್ಯಾವ್ ಟೂ ಸನ್ಸ್. ವಿ ಆರ್ ಎ ಹ್ಯಾಪಿ ಫ್ಯಾಮಿಲಿ.”

ಹೇಳಿದ. ಮತ್ತೆ ಹೇಳಿದ. ನಾಲ್ಕನೆಯ ಸಲ ಹೇಳುವಾಗ ಮೈಮೇಲೆ ಬಂದದ್ದು ಖರೆ. ‘ಹ್ಯಾಪಿ ಫ್ಯಾಮಿಲಿ’ ಎನ್ನುವಾಗ ಎದೆಯ ಮೇಲೆ ಕೈ ಹೋಯಿತು.

ಇದೇ ಹೊತ್ತಿಗೆ ಎದುರು ಮನೆಯ ಕಾಳವ್ವ, ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ ವಾಕಿಂಗನ್ನು ಮುಗಿಸಿ, ಅದೇ ಬೆಂಚಿನ ಹಿಂದಿನ ಬೇವಿನ ಗಿಡದ ಬುಡದಲ್ಲಿ ಕೂತಿದ್ದಳು. ಕಾಳವ್ವನಿಗೆ ಇಂಗ್ಲಿಷ್ ಬಾರದು. ಆದರೆ ‘ವೈಫ್’ ಎಂದರೇನು, ‘ಟೂ’ ಎಂದರೆಷ್ಟು ಎಂಬುದು ತಿಳಿಯಲು ಈ ಕಾಲದಲ್ಲಿ ಇಂಗ್ಲಿಷ್ ಬೇಕಿಲ್ಲ. ‘ಹ್ಯಾಪಿ’ ಎನ್ನುವುದು ಮೊಮ್ಮಗಳ ಕೇಕಿನ ಮೇಲೆ ಪ್ರತಿವರ್ಷ ಬರೆದಿರುತ್ತಿತ್ತು.

ಅವಳು ಅಲ್ಲಿಂದ ನೆಟ್ಟಗೆ ಗಿರಣಿಗೆ ಹೋದಳು. ಗಿರಣಿ ಜೋರಾಗಿ ತಿರುಗುತ್ತಿತ್ತು. ಜೋಳ, ಗೋಧಿಯ ಡಬ್ಬಿ ಇಟ್ಟುಕೊಂಡು ಹದಿನೈದು ಹೆಣ್ಣುಮಕ್ಕಳು ಪಾಳಿಗೆ ನಿಂತಿದ್ದರು. ಕಾಳವ್ವ ಗುರುಶಿದ್ದಪ್ಪನ ಕಿವಿಗೆ ಬಾಯಿ ಹಚ್ಚಿ ಗುಟ್ಟು ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಕೇಳಿಸಲಿಲ್ಲ. ಕಡೆಗೆ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಒದರಿದಳು. ಆ ಕ್ಷಣಕ್ಕೇ ಕರೆಂಟು ಹೋಗಿ ಗಿರಣಿ ಗಪ್ಪಾಯಿತು.

“ಎಡ್ವರ್ಡಗ ಇನ್ನೊಬ್ಬಾಕಿ ಹೇಣ್ತಿ ಅದಾಳ,” ಎಂಬ ಮಾತು ಹಿಟ್ಟಿನ ಧೂಳಿನಂತೆ ಹದಿನೈದು ಡಬ್ಬಿಗಳ ಮೇಲೂ ಸಮನಾಗಿ ಇಳಿಯಿತು.

ಗುರುಶಿದ್ದಪ್ಪ ಹುಬ್ಬಿನ ಹಿಟ್ಟು ಒರೆಸಿಕೊಂಡು ಎಡ್ವರ್ಡನ ಪಕ್ಷ ವಹಿಸಿದ. “ಏ ಹೋಗವಾ. ಒಬ್ಬಾಕಿ ಮುಂದ ಬಾಯಿ ಬಿಡಾಕ ಧೈರ್ಯಾ ಇಲ್ಲ ಅವಗ. ಇಬ್ಬರನ್ನ ಹೆಂಗ ಸಂಭಾಳಸ್ತಾನ?”

“ಅದಕ್ಕ ಆಕಿ ಕೂಡ ಇಂಗ್ಲಿಷ್‌ನ್ಯಾಗ ಮಾತಾಡ್ತಾನು,” ಎಂದಳು ಕಾಳವ್ವ.

ಈವ್ಲಿನ್ ಎಂದರೆ ಗೋವಾದ ಕಡೆಯವಳೇ ಇರಬೇಕು ಎಂದು ಒಬ್ಬರು, ಇಷ್ಟು ವರ್ಷ ಎಡ್ವರ್ಡನ ಇಂಗ್ಲಿಷಿಗೆ ತುಕ್ಕು ಹಿಡಿಯದಿರುವುದಕ್ಕೆ ಈಗ ಕಾರಣ ತಿಳಿಯಿತು ಎಂದು ಇನ್ನೊಬ್ಬರು ಹೇಳಿದರು. ಮಾತಿನಲ್ಲಿ ಖಂಡನೆ ಎಷ್ಟಿತ್ತೋ ಮೆಚ್ಚುಗೆಯೂ ಅಷ್ಟೇ ಇತ್ತೆಂಬುದನ್ನು ಮುಚ್ಚಿಡಬಾರದು.

ಎಡ್ವರ್ಡನಿಗೆ ಇದಾವುದೂ ತಿಳಿಯಲಿಲ್ಲ. ಅವನು ಎರಡನೆಯ ಪಾಠಕ್ಕೆ ಬಂದಿದ್ದ. ಹಳೆಯ ಪೇಟೆಗೆ ಹೋಗಿ ಒಂದಾದರೂ ಸಾಮಾನನ್ನು ಇಂಗ್ಲಿಷಿನಲ್ಲೇ ಕೇಳಿ, ಇಂಗ್ಲಿಷಿನಲ್ಲೇ ಚೌಕಾಶಿ ಮಾಡಿ ತರಬೇಕು ಎಂದು ಸುರಭಿ ಹೇಳಿದ್ದಳು. ಆ ಪೇಟೆಯ ದುರ್ಗದ ಬೈಲಿನಲ್ಲಿ ಕಮರುದ್ದೀನನ ಬಳೆ ಅಂಗಡಿಯಿತ್ತು. ಕಮರುದ್ದೀನ ಮೆದು ಮನುಷ್ಯ, ಗಿರಾಕಿಯನ್ನು ನೋಡಿ ನಗುವವನಲ್ಲ ಎಂದು ಎಡ್ವರ್ಡ್ ಅಲ್ಲಿಗೇ ಹೋದ.

ಕಮರುದ್ದೀನ ನಲವತ್ತು ವರ್ಷದಿಂದ ಬಳೆ ಮಾರುತ್ತಿದ್ದ. ಹೆಣ್ಣುಮಕ್ಕಳ ಮುಖ ಅವನಿಗೆ ನೆನಪಿರುತ್ತಿರಲಿಲ್ಲ, ಮುಂಗೈ ನೆನಪಿರುತ್ತಿತ್ತು. ಒಳಗೆ ಚಾಪೆಯ ಮೇಲೆ ಅವನ ಹೆಂಡತಿ ಮೀರಾಬಿ ಗಿರಾಕಿಗಳ ಕೈಗೆ ಬಳೆ ಏರಿಸುತ್ತಿದ್ದಳು.

“ಬರ್ರಿ ಎಡ್ವರ್ಡ್ ಭಾಯಿ,” ಎಂದ ಕಮರುದ್ದೀನ.

ಎಡ್ವರ್ಡ್ ಕಣ್ಣು ಮುಚ್ಚಿ ಪಾಠವನ್ನು ಮೈಮೇಲೆ ತಂದುಕೊಂಡ. “ಐ ವಾಂಟ್ ಗ್ರೀನ್ ಬ್ಯಾಂಗಲ್ಸ್. ಫಾರ್ ಮೈ ವೈಫ್ ಈವ್ಲಿನ್. ಶೀ ಹ್ಯಾಸ್ ಸ್ಮಾಲ್ ಹ್ಯಾಂಡ್ಸ್.”

ಕಮರುದ್ದೀನ ಅವನ ಮುಖ ನೋಡಿದ. “ಮಾರ್ಥಾ ಬೆಹನ್‌ದು ಎರಡು-ಆರರ ಅಳತಿರಿ,” ಎಂದ ಮೆಲ್ಲಗೆ.

“ಸ್ಮಾಲ್,” ಎಂದ ಎಡ್ವರ್ಡ್. ಪಾಠದಲ್ಲಿ ಹಾಗೆಯೇ ಇತ್ತು.

ಕಮರುದ್ದೀನ ಎರಡು-ನಾಲ್ಕರ ಹಸಿರು ಬಳೆ ಒಂದು ಡಜನ್ ತೆಗೆದಿಟ್ಟು ಬೆಲೆ ಹೇಳಿದ. ಎಡ್ವರ್ಡ್ ಪಾಠದ ಪ್ರಕಾರ ತಲೆ ಅಲ್ಲಾಡಿಸಿ, “ಟೂ ಮಚ್. ದಿಸ್ ಈಸ್ ಟೂ ಮಚ್,” ಎಂದ.

“ಟೂ ಮಚ್ಚ ಆತ್ರಿ, ಖರೇ,” ಎಂದು ಕಮರುದ್ದೀನ ನಿಟ್ಟುಸಿರು ಬಿಟ್ಟು, ಕೇಳಿದ್ದಕ್ಕಿಂತ ಕಡಿಮೆಗೇ ಕಟ್ಟಿಕೊಟ್ಟ.

ತನ್ನ ಜೀವನದ ಮೊದಲ ಇಂಗ್ಲಿಷ್ ವ್ಯಾಪಾರ ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ಎಡ್ವರ್ಡ್ ಬಸ್ಸಿನಲ್ಲಿ ಉಬ್ಬಿ ಕೂತಿದ್ದ. ಆ ಹಿಗ್ಗಿನಲ್ಲಿ ಬಳೆಗಳನ್ನು ಮಾರ್ಥಾಳ ಕೈಗಿಟ್ಟ. ಮಾರ್ಥಾಳ ಮುಖ ಅರಳಿತು. ಅವಳು ಹಾಕಿಕೊಳ್ಳಲು ನೋಡಿದಳು, ಗೆಣ್ಣು ದಾಟಲಿಲ್ಲ. ಸಾಬೂನು ಹಚ್ಚಿ ನೋಡಿದಳು, ಎರಡು ಒಡೆದವು.

“ಮೂವತ್ತೊಂದು ವರ್ಷ ಆತು ಈ ಕೈ ಹಿಡದು,” ಎಂದಳು ಅವಳು. “ಅಳತಿ ಗೊತ್ತಾಗಲಿಲ್ಲೇನ್ರಿ?”

“ಅಂಗಡ್ಯಾಂವ ತಪ್ಪಿ ಕೊಟ್ಟಾನು,” ಎಂದ ಎಡ್ವರ್ಡ್.

ಮರುದಿನ ಮಾರ್ಥಾ ಉಳಿದ ಬಳೆ ಬದಲಿಸಿಕೊಳ್ಳಲು ತಾನೇ ದುರ್ಗದ ಬೈಲಿಗೆ ಹೋದಳು. ಕಮರುದ್ದೀನ ಅವಳನ್ನು ಕಂಡವನೇ ಮಾಳಿಗೆಯ ತೊಲೆ ಎಣಿಸತೊಡಗಿದ. ಆದರೆ ಮೀರಾಬಿ ಹೆಣ್ಣಿಗೆ ಹೆಣ್ಣು ಸುಳ್ಳು ಹೇಳಬಾರದೆನ್ನುವವಳು. ಮಾರ್ಥಾಳನ್ನು ಚಾಪೆಯ ಮೇಲೆ ಕೂಡಿಸಿ, ನೀರು ಕೊಟ್ಟು, “ತಪ್ಪು ಅಂಗಡೀದಲ್ಲವ್ವಾ. ಅವರು ಈವ್ಲಿನ್ ಅನ್ನಾಕಿಗೆ ಅಂತ ಕೇಳಿ ಒಯ್ದಾರ,” ಎಂದಳು. ಮಾರ್ಥಾ ನೀರು ಕುಡಿಯದೆ ಎದ್ದಳು. ಓಣಿಯ ತುದಿಯಲ್ಲಿ ಕಾಳವ್ವ ಕಾದಿದ್ದಳು. ಇಬ್ಬರು ಗಂಡುಮಕ್ಕಳ ವಿಷಯ ಅವಳು ಹೇಳಿದಳು.

ಮಾರ್ಥಾ ಗಂಡನಿಗೆ ಏನೂ ಕೇಳಲಿಲ್ಲ. ಕೇಳಿದರೆ ಹೌದು ಎಂದಾನೆಂಬ ಅಂಜಿಕೆ. ರೊಟ್ಟಿ ಬಡಿದಳು, ಪಲ್ಯೆ ಬಡಿಸಿದಳು, ಹೊಲಿಗೆ ಮಶೀನು ತುಳಿದಳು. ರೊಟ್ಟಿಯೇನೋ ಎಂದಿನಂತೆಯೇ ತೆಳ್ಳಗಿತ್ತು, ಆದರೆ ಬಡಿಯುವ ಸಪ್ಪಳ ಗುಡಿಯವರೆಗೆ ಕೇಳುತ್ತಿತ್ತು. ಒಂದು ಸಂಜೆ ಮಾತ್ರ ಮಗಳಿಗೆ ಫೋನು ಮಾಡಿ ಅತ್ತಳು.

ಫೇಬಿ ತಕ್ಷಣ ತಂದೆಗೆ ಫೋನು ಹಚ್ಚಿದಳು. ಅವಳು ಮರ್ಯಾದಸ್ಥ ಹುಡುಗಿ, ತಂದೆಯನ್ನು ಇಂಥ ಮಾತು ನೇರವಾಗಿ ಕೇಳುವುದು ಹೇಗೆ? ಸುತ್ತುಬಳಸಿ ಬಂದಳು.

“ಪಪ್ಪಾ, ಒಂದು ಕೇಳ್ತೇನಿ, ಸುಳ್ಳ ಹೇಳಬ್ಯಾಡ್ರಿ. ನನಗ ತಮ್ಮಂದಿರು ಅದಾರೇನು?”

ಎಡ್ವರ್ಡನಿಗೆ ಸೋಜಿಗವಾಯಿತು. ಅವನ ಖಾಸಾ ತಮ್ಮನಿಗೆ ಇಬ್ಬರು ಗಂಡುಮಕ್ಕಳಿದ್ದದ್ದು ಇವಳಿಗೆ ಮರೆತುಹೋಯಿತೇ? “ಅದಾರಲ್ಲವಾ. ಬಾಗಲಕೋಟ್ಯಾಗ ಇಬ್ಬರು ಅದಾರಲ್ಲ. ಈ ಸಲ ಕ್ರಿಸ್‌ಮಸ್‌ಕ್ಕ ಕರಸೋಣು, ನೀನೂ ನೋಡಿದಂಗಾಕ್ಕೈತಿ.”

ಆ ಕಡೆಯಿಂದ ಫೋನು ಕಟ್ಟಾಯಿತು. ಆ ರಾತ್ರಿಯೊಳಗೆ ಈವ್ಲಿನಳ ಊರು ಗೋವಾದಿಂದ ಬಾಗಲಕೋಟೆಗೆ ಬದಲಾಯಿತು. ಚರ್ಚಿನ ಪಾಸ್ಟರ್ ಟೈಟಸ್ ಅವರಿಗೂ ಸುದ್ದಿ ಮುಟ್ಟಿತು. ಅವರು ಎಡ್ವರ್ಡನ ಮದುವೆ ಮಾಡಿಸಿದ ಪಾಸ್ಟರರ ಮಗ. ತಂದೆ ಹಾಕಿದ ಗಂಟು ತನ್ನ ಕಾಲದಲ್ಲಿ ಬಿಚ್ಚಬಾರದೆಂದು ಮೊಣಕಾಲೂರಿದರು.

ಉಳಿದದ್ದು ಮೂರನೆಯ ಪಾಠ. ಒಂದು ಪ್ರಾಚೀನ ಕಟ್ಟಡದ ಎದುರು ನಿಂತು ಅರ್ಧ ತಾಸು ಇಂಗ್ಲಿಷಿನಲ್ಲಿ ವರ್ಣಿಸಬೇಕು; ಅದೇ ಪರೀಕ್ಷೆ.

“ನಿಮ್ಮ ಮನಿ ಮುಂದ ಐತೆಲ್ರಿ ಅಂಕಲ್, ಚಂದ್ರಮೌಳೇಶ್ವರ ಗುಡಿ,” ಎಂದಳು ಸುರಭಿ. “ನಾನ ಬರ್ತೇನಿ.”

ಅಣ್ಣಿಗೇರಿಗೆ ಹೋಗೋಣ, ಲಕ್ಕುಂಡಿಗೆ ಹೋಗೋಣ ಎಂದು ಎಡ್ವರ್ಡ್ ಗೋಗರೆದ. ಅವಳು ಒಪ್ಪಲಿಲ್ಲ. ಕಡೆಗೆ ಭಾನುವಾರ ಬೆಳಗಿನ ಹೊತ್ತನ್ನು ಅವನೇ ಗೊತ್ತು ಮಾಡಿದ. ಆಗ ಮಾರ್ಥಾ ಚರ್ಚಿನಲ್ಲಿರುತ್ತಾಳೆ, ಗುರುಶಿದ್ದಪ್ಪ ಗಿರಣಿಯಲ್ಲಿರುತ್ತಾನೆ, ಕಾಳವ್ವ ಕೆರೆಯ ದಂಡೆಯಲ್ಲಿರುತ್ತಾಳೆ. “ಮೊಣಕಾಲು ಭಾಳ ನೋಯಾಕತ್ತಾವು, ನೀ ಹೋಗಿ ಬಾ,” ಎಂದು ಮಾರ್ಥಾಳನ್ನು ಕಳಿಸಿ, ಇಸ್ತ್ರಿಯ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ನೋಯುವ ಮೊಣಕಾಲಿನಲ್ಲಿ ಗುಡಿಗೆ ಓಡಿದ.

ಲೆಕ್ಕ ಒಂದೇ ಕಡೆ ತಪ್ಪಿತು. ಕಾಳವ್ವ ಆ ದಿನ ವಾಕಿಂಗಿಗೆ ಹೋಗಿರಲಿಲ್ಲ. ಚರ್ಚಿನ ವೇಳೆಗೆ ಎಡ್ವರ್ಡ್ ಗುಡಿಗೆ ಹೋದದ್ದನ್ನೂ, ಹಿಂದಿನಿಂದ ಚಿಕ್ಕ ವಯಸ್ಸಿನ ಹೆಣ್ಣೊಂದು ಒಳಹೊಕ್ಕದ್ದನ್ನೂ ಅವಳು ಕಿಟಕಿಯಿಂದ ನೋಡಿದಳು. ಆ ಹೆಣ್ಣಿನ ಮುಂಗೈ ಸಣ್ಣದಿತ್ತು.

“ಈವ್ಲಿನ್ ಬಂದಾಳ,” ಎಂಬ ಸುದ್ದಿ ಗಿರಣಿಗೂ ಚರ್ಚಿಗೂ ಒಂದೇ ಸಲ ಹೊರಟಿತು.

ಗುಡಿಯೊಳಗೆ ಎಡ್ವರ್ಡ್ ಪರೀಕ್ಷೆಗೆ ನಿಂತಿದ್ದ. “ದಿಸ್ ಈಸ್ ಎ ಟೆಂಪಲ್. ಇಟ್ ಈಸ್ ವೆರಿ ಓಲ್ಡ್,” ಎಂದ. ಕಲಿತ ಇಂಗ್ಲಿಷ್ ಅಲ್ಲಿಗೆ ಮುಗಿಯಿತು. ಸುರಭಿ ಪೆನ್ನು ಹಿಡಿದು ಕಾಯುತ್ತಿದ್ದಳು. ಎಡ್ವರ್ಡ್ ದಿಕ್ಕು ತೋಚದೆ ಹತ್ತಿರದ ಕಂಬದ ಮೇಲೆ ಕೈ ಇಟ್ಟ.

ಕೈ ಇಟ್ಟದ್ದೇ ಒಳ್ಳೆಯದಾಯಿತು. ಆ ಕಂಬವನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಕಾರ್ಖಾನೆ ಸೇರಿದ ಮೇಲೆ ನೋಡಿದ ಬಗೆಯೇ ಬೇರೆಯಾಗಿತ್ತು. ಕರಿಯ ಕಲ್ಲು, ಮುಖ ಕಾಣುವಂಥ ನುಣುಪು, ಸುತ್ತಲೂ ಒಂದರ ಕೆಳಗೊಂದು ಕಡೆದ ಅಂಚುಗಳು. ಕೆಲವು ಕತ್ತಿಯ ಬಾಯಿಯಷ್ಟು ಚೂಪು, ಕೆಲವು ಗಡಿಗೆಯ ಹೊಟ್ಟೆಯಂತೆ ದುಂಡು.

“ನೋ ಕರೆಂಟ್,” ಎಂದ ಎಡ್ವರ್ಡ್. “ನೋ ಮೋಟರ್. ಸ್ಟೋನ್, ಟರ್ನಿಂಗ್. ಲೈಕ್ ಮೈ ಲೇಥ್. ಬಟ್ ಐ, ಐರನ್, ಸ್ಮಾಲ್. ದಿಸ್ ಮ್ಯಾನ್…” ಎಂದು ಎರಡೂ ತೋಳು ಅಗಲಿಸಿ ಕಂಬವನ್ನು ತಬ್ಬಿದ. ಮುಂದಿನದು ಇಂಗ್ಲಿಷಿಗೆ ನಿಲುಕಲಿಲ್ಲ. “ಮೇಡಮ್, ಕಬ್ಬಿಣಾ ಕಡಿಯೂ ಮುಂದ ಒಂದು ಕೂದಲ ಎಳಿ ಹೆಚ್ಚು ಹೋದ್ರ ಆ ತುಂಡು ಒಗದು ಇನ್ನೊಂದು ತಗೊಂತಿದ್ವಿ. ಇಲ್ಲಿ ಒಗ್ಯೂದು ಎಲ್ಲಿ? ಆಳೆತ್ತರದ ಕಲ್ಲು, ಯಾ ಗುಡ್ಡದಿಂದ ಎಳಕೊಂಡು ಬಂದಿದ್ರೋ. ಅಂಚಿನ ಮ್ಯಾಲ ಬೆರಳ ಆಡಸ್ರಿ. ಸುತ್ತೂ ಒಂದ ಸಮ. ನಾ ಮೂವತ್ತನಾಕು ವರ್ಷ ಆ ಕೆಲಸಾ ಮಾಡೇನಿ. ನನ್ನ ಕೈಲೆ ಇದು ಆಗೂದಿಲ್ಲ. ಅಂವಾ ಹೆಸರು ಸೈತ ಕೆತ್ತಲಿಲ್ಲ.”

ಸುರಭಿ ಅಂಕ ಹಾಕುವುದನ್ನು ಮರೆತು ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. ಎಡ್ವರ್ಡ್ ತಿರುಗಿ ನೋಡಿದಾಗ ಪೂರ್ವದ ಬಾಗಿಲಲ್ಲಿ ಪಾಸ್ಟರ್ ಟೈಟಸ್ ಮತ್ತು ಮಾರ್ಥಾ ನಿಂತಿದ್ದರು. ಪಶ್ಚಿಮದಲ್ಲಿ ಮೈತುಂಬ ಹಿಟ್ಟಿನ ಗುರುಶಿದ್ದಪ್ಪ. ಉತ್ತರದಲ್ಲಿ ಕಾಳವ್ವ. ದಕ್ಷಿಣದಲ್ಲಿ ಉಳಿದ ಓಣಿ. ದೇವರಿಗೆ ನಾಲ್ಕು ದಿಕ್ಕಿನಿಂದಲೂ ಭಕ್ತರು ಬರಲಿ ಎಂದು ನಾಲ್ಕು ಬಾಗಿಲು ಇಟ್ಟವರಿಗೆ, ಮುಂದೊಂದು ದಿನ ನಡುವೆ ಎಡ್ವರ್ಡ್ ಸಿಕ್ಕಿಬೀಳುತ್ತಾನೆಂದು ತಿಳಿಯದು.

“ಎಡ್ವರ್ಡ್ ಅವರ,” ಎಂದರು ಪಾಸ್ಟರ್, “ಈವ್ಲಿನ್ ಅಂದ್ರ ಇವರ ಏನ್ರಿ?”

ಸುರಭಿ ಬಾಯಿ ತೆರೆದಳು. ಎಡ್ವರ್ಡನ ಮುಖ ನೋಡಿದಳು. ಆಣೆ ನೆನಪಾಗಿ ಬಾಯಿ ಮುಚ್ಚಿಕೊಂಡಳು. ಅವಳು ಮಾತಿಗೆ ತಪ್ಪುವ ಹುಡುಗಿಯಲ್ಲ.

ಎಡ್ವರ್ಡನಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಕೆರೆಯ ದಂಡೆ, ಬಳೆ, ಮಗಳ ಫೋನು. ಅವನ ಮುಂದೆ ಈಗ ಎರಡೇ ದಾರಿ. ಈವ್ಲಿನ್ ಯಾರೆಂದು ಹೇಳಿದರೆ ಇಂಗ್ಲಿಷ್ ಬಾರದೆಂಬುದು ಬಯಲಾಗುತ್ತದೆ. ಹೇಳದಿದ್ದರೆ ಎರಡು ಸಂಸಾರದವನೆಂದು ಉಳಿಯುತ್ತಾನೆ. ಅವನು ಒಂದು ಕ್ಷಣ ಯೋಚಿಸಿದ. ಇದನ್ನು ಹೇಳಲು ನಮಗೇ ನಾಚಿಕೆ; ಆದರೆ ಯೋಚಿಸಿದ್ದು ಖರೆ.

ಆಮೇಲೆ ಮಾರ್ಥಾಳನ್ನು ನೋಡಿದ. ಅವಳು ಬೈಬಲ್ಲನ್ನು ಎದೆಗೆ ಒತ್ತಿ ಹಿಡಿದು, ಅವನನ್ನು ನೋಡದೆ ಕಂಬವನ್ನು ನೋಡುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

“ಮಾರ್ಥಾ,” ಎಂದ ಎಡ್ವರ್ಡ್. “ಈವ್ಲಿನ್ ಅನ್ನಾಕಿ ಯಾರೂ ಇಲ್ಲ. ಆಕಿ ಪುಸ್ತಕದಾಗಿನಾಕಿ. ನನಗ ಇಂಗ್ಲಿಷ್ ಬರಂಗಿಲ್ಲ. ಕಲ್ಯಾಕ ಹೊಂಟೇನಿ. ಇವರು ನಮ್ಮ ಮೇಡಮ್.”

ಮೊದಲು ಮುಂದೆ ಬಂದವನು ಗುರುಶಿದ್ದಪ್ಪ.

“ಎಡ್ವರ್ಡ, ನೀ ಎರಡು ಸಂಸಾರ ಮಾಡೀ ಅಂದ್ರ ನಂಬಬಹುದು,” ಎಂದ ನೊಂದ ದನಿಯಲ್ಲಿ. “ನಿನಗ ಇಂಗ್ಲಿಷ್ ಬರಂಗಿಲ್ಲ ಅಂದ್ರ ಯಾರು ನಂಬಬೇಕು? ಗುಡ್ಯಾಗ ನಿಂತು ಸುಳ್ಳ ಹೇಳಬ್ಯಾಡ.”

ಓಣಿಯೆಲ್ಲ ತಲೆದೂಗಿತು. ಎಡ್ವರ್ಡ್ ತನಗೆ ಇಂಗ್ಲಿಷ್ ಬಾರದೆಂದು ಸಾಬೀತು ಮಾಡಬೇಕಾಯಿತು. ಎಸ್ಸೆಸ್ಸೆಲ್ಸಿಯ ಎರಡು ಫೇಲುಗಳನ್ನು ಹೇಳಿದ, ವಿನಯವೆಂದರು. ಪಾಸ್ಟರು ತಮ್ಮ ಚೀಲದಿಂದ ಒಂದು ಇಂಗ್ಲಿಷ್ ಪತ್ರಿಕೆ ತೆಗೆದು ಓದಿ ಅರ್ಥ ಹೇಳಲು ಕೊಟ್ಟರು. ಎಡ್ವರ್ಡ್ ಬೆವರುತ್ತ ಮೊದಲ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಅರ್ಥ ಕೇಳಿದಾಗ ‘ಮತ್ತು’ ಎಂಬುದೊಂದನ್ನು ಹೇಳಿದ.

“ಹಂಗಾದ್ರ ನನ್ನ ಕಾಗದಾ?” ಎಂದಳು ಕಾಳವ್ವ. “ಹತ್ತು ವರ್ಷದ ಹಿಂದ, ನಮ್ಮ ಮನಿಯವರು ತೀರಿಕೊಂಡಾಗ ಪಿಂಚಣೀದು ಬಂದಿತ್ತಲ್ಲ? ಅದನ್ನ ಓದಿ ನೀವ ಹೇಳಿದ್ರಿ, ಇನ್ನೆರಡು ಕಾಗದಾ ಕೊಡಬೇಕು, ಪಿಂಚಣಿ ಬರ್ತೈತಿ ಅಂತ. ಬಂತು.”

ಎಡ್ವರ್ಡ್ ನೆಲ ನೋಡಿದ. “ನಾ ಅದನ್ನ ಓದಲಿಲ್ಲವಾ. ಯಾರ ಕಾಗದಾನೂ ಓದಿಲ್ಲ. ನನಗ ಯಾವಾಗಲೂ ಎರಡನೇ ಪಾಳಿ ಇತ್ತು. ಮುಂಜಾನೆ ಎದ್ದು ಸೈಕಲ್ ಹತ್ತಿ, ಕಾಗದದ ಮ್ಯಾಗಿನ ಶಿಕ್ಕಾ ತೋರಿಸಿ, ಇದು ಯಾ ಕಚೇರೀದು ಅಂತ ಕೇಳಕೋತ ಹೋಗ್ತಿದ್ದೆ. ಅಲ್ಲೇ ಬೆಂಚಿನ ಮ್ಯಾಲ ಕುಂತು, ಸಾಹೇಬ್ರು ಬಂದ ಮ್ಯಾಲ, ಇದರಾಗ ಏನ ಬರದೈತ್ರಿ, ಇದಕ್ಕ ಏನ ಮಾಡಬೇಕ್ರಿ ಅಂತ ಕನ್ನಡದಾಗ ಕೇಳಿ ಬರ್ತಿದ್ದೆ. ನಿನ್ನದಕ್ಕ ಒಂದು ಐದಾರು ಸಲ ಹೋಗಬೇಕಾತು.”

ಕಾಳವ್ವ ಮನೆಗೆ ಹೋದಳು. ಟ್ರಂಕಿನ ತಳದಿಂದ ಆ ಹಳೆಯ ಕಾಗದವನ್ನು ತಂದು ಸುರಭಿಯ ಕೈಗಿಟ್ಟಳು. ಸುರಭಿ ಎರಡು ಸಲ ಓದಿದಳು.

“ಏನೈತಿ ತಂಗಿ ಇದರಾಗ?”

“ಅರ್ಜಿ ತಿರಸ್ಕಾರ ಆಗೈತಿ ಅಂತ ಐತ್ರಿ ಅಮ್ಮಾ,” ಎಂದಳು ಸುರಭಿ. “ಪಿಂಚಣಿ ಕೊಡಾಕ ಬರಂಗಿಲ್ಲ ಅಂತ. ಅಷ್ಟ ಐತಿ.”

ಇಂಗ್ಲಿಷ್ ಬಲ್ಲ ಯಾವನೇ ಆಗಿದ್ದರೂ ಆ ಕಾಗದವನ್ನು ಓದಿ, ‘ಬರುವುದಿಲ್ಲವಂತೆ’ ಎಂದು ಹೇಳಿ ಮಡಚಿ ಕೊಟ್ಟಿರುತ್ತಿದ್ದ. ಓದಲು ಬಾರದ್ದಕ್ಕೆ ಎಡ್ವರ್ಡ್ ಹೋಗಿ ಕೇಳಿದ. ಕೇಳಿದ್ದಕ್ಕೆ ಬಂತು. ಗುರುಶಿದ್ದಪ್ಪನಿಗೆ ಗಿ‌ರಣಿಯ ಲೈಸೆನ್ಸು ನೆನಪಾಯಿತು. ಹಿಂದೆ ನಿಂತವರಿಗೆ ಅವರವರ ಕಾಗದಗಳು ನೆನಪಾದವು. ಮೂವತ್ತು ವರ್ಷ ಓಣಿಯ ಕಾಗದಗಳನ್ನೆಲ್ಲ ಒಂದು ಸೈಕಲ್ಲು ಓದಿತ್ತು.

ಕಾಳವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಮಾರ್ಥಕ್ಕ,” ಎಂದಳು.

ಮಾರ್ಥಾ ಅದಕ್ಕೆ ಕಿವಿಗೊಡಲಿಲ್ಲ. ಅವಳು ಗಂಡನ ಹತ್ತಿರ ಬಂದು ನಿಂತಳು. “ಓಣ್ಯಾಗಿನವರಿಗೆ ಬರತೈತಿ ಅಂದ್ರಿ, ಇರಲಿ. ನನ್ನ ಮುಂದ ಯಾಕ ಮುಚ್ಚಿಟ್ರಿ?”

“ನೀನೂ ಎಲ್ಲಾರಂಗ ನಂಬಿದ್ದಿ,” ಎಂದ ಎಡ್ವರ್ಡ್. “ಕೆಡಸಾಕ ಮನಸಾಗಲಿಲ್ಲ.”

ಮಾರ್ಥಾ ಸುರಭಿಯ ಕಡೆ ತಿರುಗಿದಳು. “ನಮ್ಮಂಥಾ ವಯಸ್ಸಾದ ಹೆಣ್ಣಮಕ್ಕಳಿಗೂ ಕಲಸ್ತೀರೇನವಾ?”

ಮುಂದಿನ ಸೋಮವಾರ ಉಣಕಲ್ಲಿನಿಂದ ರಾಯಾಪುರಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿ ಒಂದೇ ಓಣಿಯ ಹನ್ನೊಂದು ಜನರಿದ್ದರು. ಗುರುಶಿದ್ದಪ್ಪನಿಗೆ ಬೆಂಚು ಸಾಲದೆ ಝೆರಾಕ್ಸ್ ಅಂಗಡಿಯಿಂದ ಕುರ್ಚಿ ತರಿಸಬೇಕಾಯಿತು. ಎಡ್ವರ್ಡ್ ಹಳೆಯ ವಿದ್ಯಾರ್ಥಿಯ ಗತ್ತಿನಲ್ಲಿ ಎಲ್ಲರಿಗೂ ಪುಸ್ತಕದ ಪುಟ ತೆರೆದು ಕೊಡುತ್ತಿದ್ದ. ಸುರಭಿ ಈ ಸಲ ಪಾಠದ ಕ್ರಮ ಬದಲಿಸಿದ್ದಳು. ಪುಸ್ತಕದವರ ಸಂಸಾರ ಬೇಡ, ಎಲ್ಲರೂ ಅವರವರ ಸಂಸಾರದ ವಿಷಯವನ್ನೇ ಹೇಳಲಿ ಎಂದು ಮೊದಲಿಗೆ ಮಾರ್ಥಾಳನ್ನು ಎಬ್ಬಿಸಿದಳು. ತೋಚಿದಂತೆ ಹೇಳಿ, ತಪ್ಪಾದರೂ ನಡೆಯುತ್ತದೆ ಎಂದಳು.

ಮಾರ್ಥಾ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಶಬ್ದ ಒಂದೊಂದಾಗಿ ಹುಡುಕಿ ಹುಡುಕಿ ಇಟ್ಟಳು.

“ಮೈ ಹಸ್ಬೆಂಡ್ ಎಡ್ವರ್ಡ್. ಹಿ ನೋ ಇಂಗ್ಲಿಷ್.” ಸ್ವಲ್ಪ ತಡೆದಳು. “ಹಿ ಗುಡ್ ಮ್ಯಾನ್.”

ಮೂರು ವಾಕ್ಯ, ಮೂರೂ ತಪ್ಪು. ಸೇರಬೇಕಾದ ಶಬ್ದ ಯಾವುದು, ಎಲ್ಲಿ ಸೇರಬೇಕು ಎಂಬುದು ಹಿಂದಿನ ಬೆಂಚಿನಲ್ಲಿದ್ದ ಎಡ್ವರ್ಡನಿಗೆ ಚೆನ್ನಾಗಿ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ಅವನು ಒಬ್ಬರ ಇಂಗ್ಲಿಷನ್ನು ತಿದ್ದಬಲ್ಲವನಾಗಿದ್ದ. ಕೈ ಎತ್ತಿದ. ಎತ್ತಿದ ಕೈಯನ್ನು ಹಾಗೆಯೇ ತಲೆಯ ಮೇಲೆ ಆಡಿಸಿ, ಕೂದಲು ಸರಿಮಾಡಿಕೊಂಡವನಂತೆ ಮಾಡಿ, ಮೆಲ್ಲಗೆ ಇಳಿಸಿದ.